ಶಾಲೆಯವರು ಹಂಚುವ ಮಕ್ಕಳ ಚಿತ್ರಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರತಿಭಾ ಕಾರಂಜಿ ಮತ್ತು ಶಾಲಾ ವಾರ್ಷಿಕೋತ್ಸವಗಳ ಕಾಲ ಬಂತೆಂದರೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ಶಾಲೆಯವರು ಮಕ್ಕಳ ಫೋಟೊ ಮತ್ತು ವಿಡಿಯೊಗಳನ್ನು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಹಾಕುವುದು ಸರಿಯೇ ಎಂದು ಪೋಷಕರು ಕೇಳುತ್ತಾರೆ. ಹಾಕದೆ ಇದ್ದರೆ ಮೇಲಿನವರು ಬಿಡುತ್ತಾರೆಯೇ ಎಂದು ಶಿಕ್ಷಕರು ಕೇಳುತ್ತಾರೆ. ಈ ಬಾರಿ ಅಂತಹ ಕೆಲವು ಪತ್ರಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇವೆ. ವಿಷಯವೇ ಮಕ್ಕಳ ಗುರುತಿನದಾದ್ದರಿಂದ ಪತ್ರ ಬರೆದವರ ಜಿಲ್ಲೆಯನ್ನು ಬಿಟ್ಟು ಬೇರೇನನ್ನೂ ಮುದ್ರಿಸಿಲ್ಲ.

ಪ್ರಶ್ನೆ: ನನ್ನ ಮಗಳು ಖಾಸಗಿ ಶಾಲೆಯೊಂದರಲ್ಲಿ ಯುಕೆಜಿ ಓದುತ್ತಿದ್ದಾಳೆ. ಅವಳ ತರಗತಿಯ ಮಿಸ್ ಮಕ್ಕಳು ಹಾಡುವುದು, ಊಟ ಮಾಡುವುದು, ಕೊನೆಗೆ ಅಳುವುದನ್ನೂ ತಮ್ಮ ಸ್ವಂತ ಇನ್‌ಸ್ಟಾಗ್ರಾಂ ಖಾತೆಯಲ್ಲಿ ರೀಲ್ಸ್ ಮಾಡಿ ಹಾಕುತ್ತಾರೆ. ಮುಖ್ಯೋಪಾಧ್ಯಾಯಿನಿಯವರನ್ನು ಕೇಳಿದರೆ, ದಾಖಲಾತಿ ಸಮಯದಲ್ಲೇ ನೀವು ಒಪ್ಪಿ ಸಹಿ ಮಾಡಿದ್ದೀರಿ ಎನ್ನುತ್ತಾರೆ. ನಾನೇನು ಮಾಡಲಿ? (ದಾವಣಗೆರೆ ಜಿಲ್ಲೆಯ ತಾಯಿ)

ಉತ್ತರ: ಮೊದಲು ನೀವು ಸಹಿ ಮಾಡಿದ ಅರ್ಜಿಯ ಪ್ರತಿಯನ್ನು ಕೇಳಿ ಪಡೆದುಕೊಳ್ಳಿ. ಶುಲ್ಕ, ಸಮವಸ್ತ್ರ, ಶಾಲಾ ವಾಹನ ಇತ್ಯಾದಿ ಷರತ್ತುಗಳ ನಡುವೆ ‘ಶಾಲೆಯ ಚಟುವಟಿಕೆಗಳ ಚಿತ್ರಗಳನ್ನು ಪ್ರಚಾರಕ್ಕೆ ಬಳಸಲು ನಮ್ಮ ಅಭ್ಯಂತರವಿಲ್ಲ’ ಎಂಬಂತಹ ಒಂದು ಸಾಲು ಅದರಲ್ಲಿ ಇರಬಹುದು. ಆ ಸಾಲನ್ನು ಎಷ್ಟೇ ಉದಾರವಾಗಿ ಅರ್ಥೈಸಿದರೂ ಅದು ಶಾಲೆಗೆ ಕೊಟ್ಟ ಒಪ್ಪಿಗೆಯೇ ಹೊರತು ಶಿಕ್ಷಕಿಯ ಸ್ವಂತ ಖಾತೆಗೆ ಕೊಟ್ಟದ್ದಲ್ಲ. ಈ ಎರಡರ ನಡುವಿನ ಅಂತರ ಸಣ್ಣದೂ ಅಲ್ಲ. ಶಾಲೆಯ ಪುಟದಲ್ಲಿ ಬಂದ ಚಿತ್ರಕ್ಕೆ ಆಡಳಿತ ಮಂಡಳಿ ಹೊಣೆಯಾಗುತ್ತದೆ. ಶಿಕ್ಷಕಿ ನಾಳೆ ಆ ಶಾಲೆಯನ್ನು ಬಿಟ್ಟರೆ ಅವರ ಖಾತೆಯೂ ಅದರಲ್ಲಿರುವ ನಿಮ್ಮ ಮಗಳ ವಿಡಿಯೊಗಳೂ ಅವರೊಂದಿಗೇ ಹೋಗುತ್ತವೆ. ಖಾತೆ ಬೆಳೆದು ಜಾಹೀರಾತಿನಿಂದ ಹಣ ಬರತೊಡಗಿದರೆ ಮಗುವಿನ ಅಳುವಿನಿಂದ ಮತ್ತೊಬ್ಬರು ಸಂಪಾದಿಸಿದಂತೆಯೂ ಆಗುತ್ತದೆ.

ಕಾನೂನಿನ ಸ್ಥಿತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಪೀಠದಲ್ಲಿದ್ದ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ ಮಕ್ಕಳ ವಿಷಯವನ್ನೇ ಎತ್ತಿಕೊಂಡು, ಬಾಲ್ಯದ ತಪ್ಪುಗಳ ಫಲವನ್ನು ಜೀವನಪೂರ್ತಿ ಉಣ್ಣುವಂತಾಗಬಾರದು, ಮಕ್ಕಳ ಖಾಸಗಿತನಕ್ಕೆ ವಿಶೇಷ ರಕ್ಷಣೆ ಬೇಕು ಎಂಬ ಆಶಯವನ್ನು ವ್ಯಕ್ತಪಡಿಸಿದರು. ಅನಂತರ ಬಂದದ್ದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಅದರ ಪ್ರಕಾರ 18 ವರ್ಷ ತುಂಬದವರೆಲ್ಲರೂ ಮಕ್ಕಳು. ಅವರ ದತ್ತಾಂಶವನ್ನು, ಅಂದರೆ ಚಿತ್ರವೂ ಸೇರಿದಂತೆ ಅವರ ಗುರುತಿನ ಮಾಹಿತಿಯನ್ನು, ಬಳಸಲು ತಂದೆ, ತಾಯಿ ಅಥವಾ ಪಾಲಕರ ಸಮ್ಮತಿ ಬೇಕು, ಮತ್ತು ಆ ಸಮ್ಮತಿಯನ್ನು ಪರಿಶೀಲಿಸಲು ಸಾಧ್ಯವಾಗಬೇಕು. ಮಗುವಿನ ಯೋಗಕ್ಷೇಮಕ್ಕೆ ಹಾನಿಯಾಗುವ ಸಾಧ್ಯತೆಯಿರುವ ಬಳಕೆಯಂತೂ ಸಲ್ಲದು. ಸಮ್ಮತಿಯು ಮುಕ್ತವಾಗಿ ಕೊಟ್ಟದ್ದಾಗಿರಬೇಕು, ನಿರ್ದಿಷ್ಟ ಉದ್ದೇಶಕ್ಕೆ ಸೀಮಿತವಾಗಿರಬೇಕು, ಯಾವುದಕ್ಕೆಂದು ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂತೆಗೆದುಕೊಳ್ಳುವಂತಿರಬೇಕು. ಇವನ್ನೆಲ್ಲ ಎದುರಿಗಿಟ್ಟುಕೊಂಡು ನೋಡಿದರೆ ಸೀಟು ಸಿಗಲೆಂದು ಅರ್ಜಿಯ ಕೊನೆಯ ಪುಟಕ್ಕೆ ಹಾಕಿದ ಸಹಿಯು ಸಮ್ಮತಿಯಾಗಿ ನಿಲ್ಲುವುದು ಕಷ್ಟ. ಮಕ್ಕಳ ದತ್ತಾಂಶಕ್ಕೆ ಸಂಬಂಧಿಸಿದ ಹೊಣೆಯನ್ನು ಮೀರಿದರೆ ಗರಿಷ್ಠ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಇದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಸಮ್ಮತಿಯನ್ನು ಕುರಿತ ಮುಖ್ಯ ವಿಧಿಗಳಿಗೆ ಅಲ್ಲಿಂದ 18 ತಿಂಗಳ ಕಾಲಾವಕಾಶ ಕೊಟ್ಟಿರುವುದರಿಂದ ಅವು ಜಾರಿಗೆ ಬರುವುದು 2027ರ ಮೇ ತಿಂಗಳಲ್ಲಿ.

ಹಾಗೆಂದು ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮುಖ್ಯೋಪಾಧ್ಯಾಯಿನಿಯವರಿಗೆ ಒಂದು ಪುಟದ ಪತ್ರ ಬರೆಯಿರಿ. ಮಗಳ ಚಿತ್ರಗಳನ್ನು ಸಾಮಾಜಿಕ ಜಾಲತಾಣದಲ್ಲಿ ಹಾಕಲು ನಿಮ್ಮ ಒಪ್ಪಿಗೆಯಿಲ್ಲವೆಂದೂ, ಹಿಂದೆ ಕೊಟ್ಟಿದ್ದರೆ ಅದನ್ನು ಹಿಂತೆಗೆದುಕೊಂಡಿರುವುದಾಗಿಯೂ ತಿಳಿಸಿ, ಈಗಾಗಲೇ ಹಾಕಿರುವ ರೀಲ್ಸ್‌ಗಳ ಕೊಂಡಿಗಳನ್ನು ಒಂದೊಂದಾಗಿ ನಮೂದಿಸಿ, ತೆಗೆಯಲು ಒಂದು ದಿನಾಂಕ ಗೊತ್ತುಮಾಡಿ. ಪತ್ರದ ನಕಲಿಗೆ ಶಾಲೆಯ ಮೊಹರು ಹಾಕಿಸಿಕೊಳ್ಳಿ. ಇನ್‌ಸ್ಟಾಗ್ರಾಂನಲ್ಲಿಯೇ ಖಾಸಗಿತನದ ದೂರು ಸಲ್ಲಿಸುವ ವ್ಯವಸ್ಥೆಯೂ ಇದೆ. ಶಾಲೆ ಕಿವಿಗೊಡದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಯವರಿಗೆ, ಅಲ್ಲಿಯೂ ಆಗದಿದ್ದರೆ ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು. ಆದರೆ ಪತ್ರಕ್ಕಿಂತ ಮೊದಲು ಆ ಶಿಕ್ಷಕಿಯವರೊಡನೆ ಒಮ್ಮೆ ನೇರವಾಗಿ ಮಾತನಾಡಿ ನೋಡಿ ಎಂಬುದು ನಮ್ಮ ಸಲಹೆ. ಇಂತಹ ರೀಲ್ಸ್ ಮಾಡುವವರಲ್ಲಿ ಅನೇಕರು ಮಕ್ಕಳ ಮೇಲಿನ ಅಕ್ಕರೆಯಿಂದಲೇ ಮಾಡುತ್ತಿರುತ್ತಾರೆ. ನಿಲುವಂಗಿಯ ಮೇಲಿನ ಶಾಲೆಯ ಲಾಂಛನ, ಕೊರಳಲ್ಲಿ ತೂಗುವ ಗುರುತಿನ ಚೀಟಿ, ಹಿನ್ನೆಲೆಯಲ್ಲಿ ನಿಂತ ವ್ಯಾನಿನ ಸಂಖ್ಯೆ ಇವೆಲ್ಲ ಸೇರಿ ಒಂದು ಮಗು ಪ್ರತಿದಿನ ಎಷ್ಟು ಹೊತ್ತಿಗೆ ಎಲ್ಲಿರುತ್ತದೆ ಎಂಬುದನ್ನು ಅಪರಿಚಿತರಿಗೆ ತಿಳಿಸಿಬಿಡುತ್ತವೆ ಎಂದು ಅವರಿಗೆ ಹೊಳೆದಿರುವುದಿಲ್ಲ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ಬಿಸಿಯೂಟ, ಹಾಲು, ಮೊಟ್ಟೆ ವಿತರಣೆ, ಶೂ ವಿತರಣೆ, ಯಾವುದೋ ಒಂದು ದಿನಾಚರಣೆ, ಎಲ್ಲಕ್ಕೂ ಫೋಟೊ ತೆಗೆದು ಕ್ಲಸ್ಟರ್ (ಸುತ್ತಲಿನ ಶಾಲೆಗಳ) ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಬೇಕು. ಕಳಿಸದಿದ್ದರೆ ಕೆಲಸವೇ ಆಗಿಲ್ಲ ಎಂದು ತಿಳಿಯುತ್ತಾರೆ. ಇನ್ನೊಂದೆಡೆ, ಶಾಲೆಯ ಫೇಸ್‌ಬುಕ್ ಪುಟ ನೋಡಿಯೇ ಹಳೆಯ ವಿದ್ಯಾರ್ಥಿಗಳು ನಮಗೆ ಬೆಂಚು, ಕಂಪ್ಯೂಟರ್ ಕೊಡಿಸಿದ್ದಾರೆ. ಎಲ್ಲವನ್ನೂ ತಪ್ಪೆಂದರೆ ನಾವು ಶಾಲೆ ಉಳಿಸಿಕೊಳ್ಳುವುದು ಹೇಗೆ? (ಕೊಪ್ಪಳ ಜಿಲ್ಲೆಯ ಶಿಕ್ಷಕರು)

ಉತ್ತರ: ಈ ವಿಷಯದ ಮೇಲೆ ಬಂದ ಪತ್ರಗಳಲ್ಲಿ ನಿಮ್ಮದೇ ಹೆಚ್ಚು ಯೋಚನೆಗೆ ಹಚ್ಚಿದ್ದು, ಏಕೆಂದರೆ ನಿಮ್ಮ ಕಷ್ಟ ನಿಜವಾದದ್ದು. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಸರ್ಕಾರಿ ಶಾಲೆಯೊಂದು ತಾನು ಚೆನ್ನಾಗಿ ನಡೆಯುತ್ತಿದ್ದೇನೆಂದು ಊರಿಗೆ ತೋರಿಸಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಆದರೆ ನಿಮ್ಮ ಪತ್ರದಲ್ಲಿ ಎರಡು ಬಗೆಯ ಚಿತ್ರಗಳು ಬೆರೆತುಹೋಗಿವೆ. ಒಂದು, ಕೆಲಸ ನಡೆದಿದೆ ಎಂದು ಇಲಾಖೆಗೆ ತೋರಿಸಲು ತೆಗೆದದ್ದು. ಇನ್ನೊಂದು, ಶಾಲೆಯನ್ನು ಜನರಿಗೆ ಪರಿಚಯಿಸಲು ತೆಗೆದದ್ದು. ಮೊದಲನೆಯದು ದಾಖಲೆ, ಎರಡನೆಯದು ಪ್ರದರ್ಶನ. ದಾಖಲೆಗೆಂದು ತೆಗೆದ ಚಿತ್ರ ಸಂಜೆಯ ಹೊತ್ತಿಗೆ ಯಾರದೋ ಸ್ಟೇಟಸ್‌ನಲ್ಲಿ ಪ್ರದರ್ಶನವಾಗಿ ಮಾರ್ಪಡುವುದೇ ಬಹುತೇಕ ತೊಂದರೆಗಳ ಮೂಲ.

ಮೊಟ್ಟೆಯ ಉದಾಹರಣೆಯನ್ನೇ ನೋಡೋಣ. ನಮ್ಮ ಶಾಲೆಗಳಲ್ಲಿ ಮೊಟ್ಟೆ ತಿನ್ನುವ ಮಕ್ಕಳಿಗೆ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುವ ಪದ್ಧತಿಯಿದೆ. ಯಾವ ಮಗುವಿನ ತಟ್ಟೆಯಲ್ಲಿ ಏನಿದೆ ಎಂಬುದು ತರಗತಿಯೊಳಗೆ ಎಲ್ಲರಿಗೂ ತಿಳಿದ ಸಂಗತಿಯೇ. ಆದರೆ ಅದೇ ದೃಶ್ಯ ಮುಖಸಹಿತ ಚಿತ್ರವಾಗಿ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹೋದರೆ ಮಗುವಿನ ಜಾತಿ, ಮನೆಯ ಆಹಾರ ಪದ್ಧತಿ, ಮನೆಯವರಿಗೆ ತಿಳಿಯದಂತೆ ಅದು ಮೊಟ್ಟೆ ತಿನ್ನುತ್ತಿದ್ದರೆ ಆ ಗುಟ್ಟು, ಎಲ್ಲವೂ ಚರ್ಚೆಗೆ ಬರುತ್ತವೆ. ಮೊಟ್ಟೆಯ ಹೆಸರಿನಲ್ಲಿ ಊರುಗಳಲ್ಲಿ ಎಂತಹ ಜಗಳಗಳಾಗಿವೆ ಎಂದು ನಿಮಗೆ ಹೇಳಬೇಕಾಗಿಲ್ಲ. ಶೂ ವಿತರಣೆಯಲ್ಲೂ ಹೀಗೆಯೇ: ಬರಿಗಾಲಿನ ಮಗುವನ್ನು ದಾನಿಯ ಪಕ್ಕ ನಿಲ್ಲಿಸಿ ತೆಗೆದ ಚಿತ್ರ, ಆ ಮಗು ಕಾಲೇಜಿಗೆ ಹೋಗುವಾಗಲೂ ಹುಡುಕಿದವರಿಗೆ ಸಿಗುತ್ತದೆ.

ದಾಖಲೆಗೆ ಮುಖ ಬೇಕಾಗಿಲ್ಲ. ವಿತರಣಾ ವಹಿಯಲ್ಲಿ ಸಹಿ, ಹಾಜರಿ, ದಾಸ್ತಾನು ಪುಸ್ತಕ ಇವೆಲ್ಲ ಇದ್ದೇ ಇವೆ. ಚಿತ್ರವೇ ಬೇಕೆಂದರೆ ಸಾಲಾಗಿಟ್ಟ ತಟ್ಟೆಗಳನ್ನು, ಬಡಿಸುವ ಕೈಗಳನ್ನು, ಹಿಂದಿನಿಂದ ಕಾಣುವ ಪಂಕ್ತಿಯನ್ನು ತೆಗೆಯಬಹುದು. ಎಷ್ಟು ಮಂದಿ ಕುಳಿತಿದ್ದಾರೆಂದು ಅದರಿಂದಲೂ ಎಣಿಸಲು ಬರುತ್ತದೆ. ಮುಖ ಕಾಣುವ ಚಿತ್ರವನ್ನೇ ಕೇಳಿದರೆ ಅದನ್ನು ಗುಂಪಿಗೆ ಹಾಕದೆ, ಕೇಳಿದ ಅಧಿಕಾರಿಯೊಬ್ಬರಿಗೆ ಮಾತ್ರ ಕಳಿಸಿ. ಹತ್ತಾರು ಶಾಲೆಗಳವರಿರುವ ಗುಂಪಿನಲ್ಲಿ ಚಿತ್ರವು ಒಂದೇ ಗಳಿಗೆಯಲ್ಲಿ ಅಷ್ಟೂ ಜನರ ಫೋನಿಗೆ ಇಳಿಯುತ್ತದೆ, ಆ ಫೋನು ಅವರ ಮನೆಯಲ್ಲಿ ಇನ್ನಾರ ಕೈಯಲ್ಲಿರುತ್ತದೋ ಯಾರಿಗೂ ತಿಳಿಯದು. ಗುಂಪಿನ ಸೆಟ್ಟಿಂಗ್ಸ್‌ನಲ್ಲಿ ‘ಮೀಡಿಯಾ ವಿಸಿಬಿಲಿಟಿ’ ಎಂಬುದನ್ನು ಆಫ್ ಮಾಡಿದರೆ ಹೊಸದಾಗಿ ಬರುವ ಚಿತ್ರಗಳು ಗ್ಯಾಲರಿಗೆ ಸೇರುವುದಿಲ್ಲ. ನಿಮ್ಮ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಎಲ್ಲರಿಗೂ ಇದನ್ನು ತೋರಿಸಿಕೊಡಿ. ಅದೇ ಸಭೆಯಲ್ಲಿ, ಯಾವ ಕಾರ್ಯಕ್ರಮಕ್ಕೆ ಯಾವ ರೀತಿಯ ಚಿತ್ರ ಸಾಕು ಎಂದು ಲಿಖಿತವಾಗಿ ತಿಳಿಸುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಯವರ (ಬಿಇಒ) ಕಚೇರಿಯನ್ನು ಎಲ್ಲರೂ ಸೇರಿ ಕೋರುವುದು ಒಳ್ಳೆಯದು. ಒಬ್ಬರೇ ಕೇಳಿದರೆ ಅದು ಹಟವೆನಿಸಬಹುದು.

ಇನ್ನು ಪ್ರದರ್ಶನದ ವಿಚಾರ. ಬೆಂಚು, ಕಂಪ್ಯೂಟರ್ ಕೊಡಿಸಿದ ಹಳೆಯ ವಿದ್ಯಾರ್ಥಿಗೆ ಬೇಕಾಗಿರುವುದು ತನ್ನ ಶಾಲೆ ಹೇಗಿದೆ ಎಂಬುದರ ನೋಟವೇ ಹೊರತು ಐದನೇ ತರಗತಿಯ ಬಾಲಕಿಯೊಬ್ಬಳ ಮುಖವಲ್ಲ. ಮಕ್ಕಳು ಬರೆದ ಚಿತ್ರಗಳು, ಅವರ ಕೈಬರಹ, ವಿಜ್ಞಾನದ ಮಾದರಿಗಳು, ಕೈತೋಟದ ಬದನೆಕಾಯಿ, ನಲಿಕಲಿ ಕೋಣೆಯ ಗೋಡೆ ಇವನ್ನು ಧಾರಾಳವಾಗಿ ಹಾಕಿ. ಬಹುಮಾನ ಗೆದ್ದ ಮಗುವಿನ ಚಿತ್ರ ಹಾಕಲೇಬೇಕೆನಿಸಿದರೆ ಮನೆಯವರನ್ನು ಆ ಒಂದು ಚಿತ್ರಕ್ಕೆಂದೇ ಕೇಳಿ, ಮಗುವನ್ನೂ ಕೇಳಿ. ಪೂರ್ಣ ಹೆಸರು, ತರಗತಿ, ತಂದೆಯ ಹೆಸರು ಮೂರನ್ನೂ ಒಟ್ಟಿಗೆ ಬರೆಯಬೇಡಿ. ನಿಮ್ಮ ಸ್ವಂತ ಖಾತೆಯಲ್ಲಂತೂ ಬೇಡವೇ ಬೇಡ.

ಪ್ರಶ್ನೆ: ವಾರ್ಷಿಕೋತ್ಸವದಲ್ಲಿ ಪೋಷಕರೆಲ್ಲ ಮೊಬೈಲ್ ಹಿಡಿದು ನಿಂತಿರುತ್ತಾರೆ. ಶಾಲೆಯವರಿಗೆ ಮಾತ್ರ ನಿರ್ಬಂಧ ಹಾಕಿ ಏನು ಪ್ರಯೋಜನ? (ಮೈಸೂರು ಜಿಲ್ಲೆಯ ತಂದೆ)

ಉತ್ತರ: ಒಬ್ಬ ವ್ಯಕ್ತಿ ಮನೆಯ, ಕುಟುಂಬದ ಬಳಕೆಗೆಂದು ತೆಗೆದುಕೊಂಡ ಚಿತ್ರಗಳನ್ನು 2023ರ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಅಜ್ಜಿಗೆ ತೋರಿಸಲು ಮೊಮ್ಮಗಳ ಕೋಲಾಟವನ್ನು ಚಿತ್ರಿಸಿಕೊಳ್ಳುವುದನ್ನು ಯಾರೂ ತಡೆಯಬಾರದು ಕೂಡ. ಆದರೆ ವೇದಿಕೆಯ ಮೇಲಿರುವ ಉಳಿದ ಮಕ್ಕಳು ನಿಮ್ಮ ಕುಟುಂಬದವರಲ್ಲ. ಕಾರ್ಯಕ್ರಮ ಆರಂಭವಾಗುವ ಮೊದಲು ನಿರೂಪಕರು ಒಂದು ಮಾತು ಹೇಳಿದರೆ ಸಾಕು: ನಿಮ್ಮ ಮಗುವಿನ ಚಿತ್ರ ತೆಗೆದುಕೊಳ್ಳಿ, ಬೇರೆ ಮಕ್ಕಳಿರುವ ವಿಡಿಯೊವನ್ನು ಜಾಲತಾಣಕ್ಕೆ ಹಾಕಬೇಡಿ. ಉಡುಗೆ ಬದಲಿಸುವ ಕೋಣೆಯ ಬಳಿ ಫೋನ್ ಕಡ್ಡಾಯವಾಗಿ ನಿಷಿದ್ಧವಾಗಿರಬೇಕು, ಶಿಕ್ಷಕರಿಗೂ.

ಪ್ರಶ್ನೆ: ನಮ್ಮ ಶಾಲೆಯ ಎಂಟನೇ ತರಗತಿಯ ಬಾಲಕಿಯ ಮದುವೆಯನ್ನು ಶಿಕ್ಷಕರೂ ನಾವೂ ಸೇರಿ ನಿಲ್ಲಿಸಿ ಅವಳನ್ನು ಮತ್ತೆ ಶಾಲೆಗೆ ಕರೆತಂದೆವು. ಇತರರಿಗೆ ಮಾದರಿಯಾಗಲೆಂದು ಅವಳೊಂದಿಗಿನ ಚಿತ್ರವನ್ನು ಶಾಲೆಯ ಪುಟದಲ್ಲಿ ಹಾಕಿದೆವು. ಈಗ ಯಾರೋ ಇದು ಅಪರಾಧ ಎನ್ನುತ್ತಿದ್ದಾರೆ. (ವಿಜಯಪುರ ಜಿಲ್ಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿ, ಅಧ್ಯಕ್ಷರು)

ಉತ್ತರ: ಅವರು ಹೇಳಿದ್ದು ನಿಜ, ಇದನ್ನು ಓದಿದ ಕೂಡಲೇ ಆ ಚಿತ್ರವನ್ನು ತೆಗೆಯಿಸಿ. ವಯಸ್ಸು ತುಂಬುವ ಮೊದಲೇ ಮದುವೆಯಾಗುವ ಅಪಾಯದಲ್ಲಿರುವ ಮಗುವನ್ನು 2015ರ ಬಾಲನ್ಯಾಯ ಕಾಯ್ದೆಯು ‘ಪಾಲನೆ ಮತ್ತು ರಕ್ಷಣೆಯ ಅಗತ್ಯವುಳ್ಳ ಮಗು’ ಎಂದು ಪರಿಗಣಿಸುತ್ತದೆ. ಅಂತಹ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಅಥವಾ ಗುರುತು ಸಿಗುವಂತಹ ಯಾವುದೇ ವಿವರವನ್ನು ಪ್ರಕಟಿಸುವುದನ್ನು ಅದೇ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ತಪ್ಪಿದರೆ ಆರು ತಿಂಗಳವರೆಗೆ ಸೆರೆವಾಸ, ಎರಡು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮನೆಯವರು ಒಪ್ಪಿದ್ದರು ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ನೀವು ಮಾಡಿದ ಕೆಲಸ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಅದನ್ನು ಬಾಲಕಿಯ ಮುಖವಿಲ್ಲದೆಯೂ, ತಾಲ್ಲೂಕಿನ ಹೆಸರಷ್ಟನ್ನೇ ಹೇಳಿಯೂ ಜನರಿಗೆ ತಿಳಿಸಬಹುದಿತ್ತು. ಅವಳು ನಾಳೆಯೂ ಅದೇ ಓಣಿಯಲ್ಲಿ ಓಡಾಡಬೇಕು, ಮದುವೆ ನಿಂತದ್ದಕ್ಕೆ ಸಿಟ್ಟಾಗಿರುವ ಬಂಧುಗಳ ನಡುವೆಯೇ ಬೆಳೆಯಬೇಕು. ಈ ವಿಧಿ ಬೇರೆ ಮಕ್ಕಳಿಗೂ ಅನ್ವಯಿಸುತ್ತದೆ ಎಂಬುದನ್ನು ನಿಮ್ಮ ಶಿಕ್ಷಕರ ಗಮನಕ್ಕೆ ತನ್ನಿ: ಬಾಲಮಂದಿರದಿಂದ ನಿಮ್ಮ ಶಾಲೆಗೆ ಬರುವ ಮಕ್ಕಳು, ದುಡಿಮೆಯಿಂದ ಬಿಡಿಸಿ ಕರೆತಂದ ಮಕ್ಕಳು, ಯಾವುದಾದರೂ ಅಪರಾಧಕ್ಕೆ ಬಲಿಯಾದ ಅಥವಾ ಸಾಕ್ಷಿಯಾದ ಮಕ್ಕಳು. ಇಡೀ ತರಗತಿಯ ಚಿತ್ರ ಹಾಕುವಾಗ ಅವರಲ್ಲಿ ಯಾರಾದರೂ ಇದ್ದಾರೆಯೇ ಎಂಬುದು ತರಗತಿ ಶಿಕ್ಷಕರಿಗೆ ಮಾತ್ರ ಗೊತ್ತಿರುತ್ತದೆ. ತಂದೆತಾಯಿಯರ ನಡುವೆ ಮಗುವಿನ ಸುಪರ್ದಿಗಾಗಿ ವ್ಯಾಜ್ಯ ನಡೆಯುತ್ತಿರುವ ಮನೆಗಳ ಮಕ್ಕಳದ್ದೂ ಇಂತಹುದೇ ಸಂಕಟ, ಅದಕ್ಕೆ ಪ್ರತ್ಯೇಕ ಸೆಕ್ಷನ್ ಇಲ್ಲದಿದ್ದರೂ.

ಪ್ರಶ್ನೆ: ಶಾಲೆಯ ಪುಟದಲ್ಲಿದ್ದ ಪ್ರವಾಸದ ಚಿತ್ರದಿಂದ ನನ್ನ ಮಗಳ ಮುಖವನ್ನು ತೆಗೆದುಕೊಂಡು ಯಾರೋ ಅಶ್ಲೀಲ ಚಿತ್ರವನ್ನು ತಯಾರಿಸಿ ಹರಿಬಿಟ್ಟಿದ್ದಾರೆ. ಶಾಲೆಯವರು, ದೂರು ಕೊಟ್ಟರೆ ಮಾನ ಹೋಗುತ್ತದೆ, ನಾವೇ ಹುಡುಗರನ್ನು ಕರೆದು ಬುದ್ಧಿ ಹೇಳುತ್ತೇವೆ ಎನ್ನುತ್ತಿದ್ದಾರೆ. (ದಕ್ಷಿಣ ಕನ್ನಡ ಜಿಲ್ಲೆಯ ತಾಯಿ)

ಉತ್ತರ: ನಿಮ್ಮ ಪತ್ರ ತಲುಪಿದ ದಿನವೇ ನಿಮಗೆ ಖಾಸಗಿಯಾಗಿ ಉತ್ತರಿಸಿದ್ದೇವೆ, ಇತರರಿಗೂ ಬೇಕಾದೀತೆಂದು ಮುಖ್ಯಾಂಶಗಳನ್ನು ಇಲ್ಲಿ ಕೊಡುತ್ತಿದ್ದೇವೆ. ಇದು ಶಾಲೆಯೊಳಗೆ ರಾಜಿ ಮಾಡಿ ಮುಗಿಸುವ ವಿಷಯವಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ನಂತರ, ಮಗುವನ್ನು ಚಿತ್ರಿಸಿದಂತೆ ತೋರುವ, ಕಂಪ್ಯೂಟರಿನಲ್ಲಿ ತಯಾರಿಸಿದ ಅಥವಾ ಮಾರ್ಪಡಿಸಿದ ಅಶ್ಲೀಲ ಚಿತ್ರವೂ ಅದರ ವ್ಯಾಖ್ಯೆಯೊಳಗೆ ಬರುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್ ಅಂತಹ ಚಿತ್ರವನ್ನು ತಯಾರಿಸುವುದನ್ನೂ ಹಂಚುವುದನ್ನೂ ಶಿಕ್ಷಾರ್ಹಗೊಳಿಸಿದೆ. ಇಂತಹ ಅಪರಾಧ ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಪೋಕ್ಸೊ ಅಡಿಯಲ್ಲಿ ಅಪರಾಧ. ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ಆಗಬಹುದು. ಈ ಮಾತನ್ನು ಮುಖ್ಯೋಪಾಧ್ಯಾಯರಿಗೆ ತಿಳಿಸಿದರೆ ಮಾನದ ಪ್ರಶ್ನೆ ಅಲ್ಲಿಗೆ ನಿಲ್ಲಬಹುದು.

ಹತ್ತಿರದ ಠಾಣೆಗೆ ಹೋಗಿ ದೂರು ಕೊಡಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಿ. 1930 ಸೈಬರ್ ಅಪರಾಧದ ಸಹಾಯವಾಣಿ, 1098 ಮಕ್ಕಳ ಸಹಾಯವಾಣಿ. ಎಲ್ಲಿ, ಯಾವ ಖಾತೆಯಿಂದ, ಯಾವಾಗ ಬಂತು ಎಂಬ ವಿವರವನ್ನೂ ಕೊಂಡಿಯನ್ನೂ ಬರೆದಿಟ್ಟುಕೊಳ್ಳಿ, ಆದರೆ ಚಿತ್ರವನ್ನು ಯಾರಿಗೂ, ‘ನೋಡಿ ಹೀಗಾಗಿದೆ’ ಎಂದು ತೋರಿಸಲು ಕೂಡ, ಕಳಿಸಬೇಡಿ. ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯೊಂದಿದೆ. ಚಿತ್ರ ನಿಮ್ಮ ಫೋನಿನಿಂದ ಹೊರಹೋಗದೆಯೇ ಅದರ ಡಿಜಿಟಲ್ ಬೆರಳಚ್ಚನ್ನು ಮಾತ್ರ ಪಡೆದು, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮುಂತಾದ ತಾಣಗಳು ಅದನ್ನು ಗುರುತಿಸಿ ತೆಗೆಯಲು ನೆರವಾಗುತ್ತದೆ. ಮೂಲ ಪ್ರವಾಸದ ಚಿತ್ರವನ್ನು ಶಾಲೆಯ ಪುಟದಿಂದ ತೆಗೆಯಿಸಿ, ಜೊತೆಗೆ ಉಳಿದ ಬಾಲಕಿಯರ ಚಿತ್ರಗಳನ್ನೂ. ಮಗಳಿಗೆ ಬೈಯಬೇಡಿ, ಅವಳು ಮಾಡಿದ್ದು ಪ್ರವಾಸಕ್ಕೆ ಹೋಗಿ ಗೆಳತಿಯರ ಜೊತೆ ನಿಂತದ್ದಷ್ಟೇ.

ಪ್ರಶ್ನೆ: ನಾನು ಏಳನೇ ತರಗತಿ. ನಮ್ಮ ಸರ್ ನಾನು ಓದುವಾಗ ತಪ್ಪು ಮಾಡಿದ್ದನ್ನು ವಿಡಿಯೊ ಮಾಡಿ ತಮಾಷೆಯ ಹಾಡು ಸೇರಿಸಿ ಹಾಕಿದ್ದಾರೆ. ಅಪ್ಪ ನೋಡಿ ನಕ್ಕರು. ನನಗೆ ಶಾಲೆಗೆ ಹೋಗಲು ಮನಸ್ಸಿಲ್ಲ. ಅಪ್ಪ ಒಪ್ಪಿದ್ದರೆ ನಾನು ಬೇಡ ಎನ್ನಬಹುದೇ? (ತುಮಕೂರು ಜಿಲ್ಲೆಯ ವಿದ್ಯಾರ್ಥಿ)

ಉತ್ತರ: ಖಂಡಿತ ಎನ್ನಬಹುದು. ನಿನಗೆ ಸಂಬಂಧಿಸಿದ ವಿಷಯದಲ್ಲಿ ನಿನ್ನ ಅಭಿಪ್ರಾಯವನ್ನು ಹೇಳುವ ಹಕ್ಕನ್ನೂ ನಿನ್ನ ಖಾಸಗಿತನದ ಹಕ್ಕನ್ನೂ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಾನ್ಯ ಮಾಡಿದೆ, ಭಾರತವು 1992ರಲ್ಲಿ ಅದನ್ನು ಒಪ್ಪಿಕೊಂಡಿದೆ. ನಿನ್ನ ತಂದೆಯವರ ಒಪ್ಪಿಗೆ ಕಾನೂನಿಗೆ ಬೇಕಾಗಬಹುದು, ಆದರೆ ಅದು ನಿನ್ನ ಅಸಮ್ಮತಿಯನ್ನು ಅಳಿಸಿಹಾಕುವುದಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೇಲಾಗಿ, ಎಂಟನೇ ತರಗತಿಯವರೆಗಿನ ಮಕ್ಕಳಿಗೆ ಮಾನಸಿಕ ಹಿಂಸೆ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ; ಓದಲು ತಡವರಿಸಿದ ಮಗುವನ್ನು ಊರೆಲ್ಲ ನಗುವಂತೆ ಮಾಡುವುದು ಅದಕ್ಕಿಂತ ಬೇರೆಯಾದದ್ದೇನಲ್ಲ.

ಅಪ್ಪ ನಕ್ಕದ್ದು ನಿನಗೆ ನೋವಾಗಿದೆ ಎಂದು ಅವರಿಗೆ ಗೊತ್ತಿಲ್ಲದಿರಬಹುದು, ಈ ಪುಟವನ್ನು ಅವರಿಗೆ ತೋರಿಸು. ಸರ್ ಅವರೊಡನೆ ನೇರವಾಗಿ ಮಾತನಾಡಲು ಅಂಜಿಕೆಯಾದರೆ ಮುಖ್ಯ ಶಿಕ್ಷಕರಿಗೆ ಒಂದು ಚೀಟಿ ಬರೆ, ಅಥವಾ ನಿನಗೆ ಇಷ್ಟವಾದ ಬೇರೊಬ್ಬ ಟೀಚರ್ ಬಳಿ ಹೇಳು. ಗ್ರಾಮ ಪಂಚಾಯಿತಿಯಲ್ಲಿ ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ನಿನ್ನ ಹೆಸರು ಹೇಳದೆಯೇ, ‘ಮಕ್ಕಳ ವಿಡಿಯೊ ಹಾಕುವ ಮೊದಲು ನಮ್ಮನ್ನು ಕೇಳಬೇಕು’ ಎಂದು ಗೆಳೆಯರೊಂದಿಗೆ ಸೇರಿ ಕೇಳಬಹುದು. ತುಂಬಾ ಬೇಸರವೆನಿಸಿದರೆ 1098ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡು, ಹಣ ಬೇಕಾಗಿಲ್ಲ. ವಿಡಿಯೊ ತೆಗೆದರೋ ಇಲ್ಲವೋ ನಮಗೆ ತಿಳಿಸು; ತೆಗೆಯದಿದ್ದರೆ ಮುಖ್ಯ ಶಿಕ್ಷಕರಿಗೆ ಕೊಡಬೇಕಾದ ಅರ್ಜಿಯನ್ನು ನಾವೇ ಬರೆದು ನಿನ್ನ ತಂದೆಯವರಿಗೆ ಕಳಿಸಿಕೊಡುತ್ತೇವೆ.